ಸಿಲಿಂಡ್ರೈಟ್ ತುಣುಕು: ಕಲ್ಲಿಗೆ ಪೂರ್ತಿ ಅಂಕ, ಚೀಟಿಗೆ ಅರ್ಧ

ಸಲ್ಫೋಸಾಲ್ಟ್ ಖನಿಜಗಳನ್ನು (ಲೋಹ, ಗಂಧಕದ ಜೊತೆ ಆಂಟಿಮನಿಯಂಥದ್ದೂ ಸೇರಿದವು) ಕೂಡಿಹಾಕುವ ಹುಚ್ಚು ಹತ್ತಿದವರಿಗೆ ಒಂದು ಕಷ್ಟ ಗೊತ್ತೇ ಇರುತ್ತದೆ. ಅವುಗಳಲ್ಲಿ ಬಹಳಷ್ಟು ನೋಡೋಕೆ ಒಂದೇ ಥರ. ಬೂದು ಬಣ್ಣ, ಲೋಹದ ಹೊಳಪು, ಸೂಜಿಯ ಆಕಾರ, ಇಲ್ಲದಿದ್ದರೆ ಬರೀ ಮುದ್ದೆ. ಇದು ಜೇಮ್ಸನೈಟ್, ಅದು ಬುಲಾಂಜರೈಟ್ ಅಂತ ಯಾರಾದರೂ ಕಣ್ಣಳತೆಯಲ್ಲೇ ಖಡಾಖಂಡಿತ ಹೇಳಿದರೆ ನಾನಂತೂ ನಂಬುವುದಿಲ್ಲ. ಸಿಲಿಂಡ್ರೈಟ್ ವಿಷಯ ಹಾಗಲ್ಲ, ಅದು ಕೊಳವೆಯಾಗಿ ಸುತ್ತಿಕೊಂಡಿರುತ್ತದೆ. ಒಳ್ಳೆಯ ತುಣುಕಾದರೆ ಪ್ರಯೋಗಾಲಯ ಬೇಕಿಲ್ಲ, ಒಂದು ಲೂಪ್, ಅಂದರೆ ಕಣ್ಣಿಗೆ ಹಿಡಿಯುವ ಪುಟ್ಟ ಭೂತಗನ್ನಡಿ ಸಾಕು. ಅದಕ್ಕೇ ಇದರ ಮೇಲೆ ಬಹಳ ದಿನದಿಂದ ಕಣ್ಣಿಟ್ಟಿದ್ದೆ. ಕೊನೆಗೆ ಆನ್‌ಲೈನಲ್ಲಿ ಖನಿಜ ಮಾರುವ ಒಬ್ಬರ ಹತ್ತಿರ ತರಿಸಿಕೊಂಡೆ. ಅಂಗಡಿಯ ಹೆಸರು ಬೇಡ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲು ಕಲ್ಲಿನ ವಿಚಾರ. ಬಂದದ್ದು ಥಂಬ್‌ನೇಲ್ ಅಳತೆಯದು. ಒಂದು ಇಂಚಿನ ಪೆಟ್ಟಿಗೆಯಲ್ಲಿ ಕೂರುತ್ತದೆ. ಕಪ್ಪು ಕಡೆಗೆ ವಾಲಿದ ಸೀಸದ ಬೂದು ಬಣ್ಣ. ಮೇಲೆ ಹಲವು ಕೊಳವೆಗಳು ಒಂದಕ್ಕೊಂದು ಆತುಕೊಂಡು ಅಡ್ಡಾದಿಡ್ಡಿ ಮಲಗಿವೆ. ಅವುಗಳಲ್ಲಿ ಒಂದು ತುದಿಯಲ್ಲಿ ಮುರಿದಿದೆ. ನನಗೆ ಜಾಸ್ತಿ ಇಷ್ಟವಾದದ್ದೇ ಆ ಮುರಿದ ತುದಿ. 10 ಪಟ್ಟು ಲೂಪ್ ಹಿಡಿದರೆ ಸುತ್ತಿಟ್ಟ ಚಾಪೆಯ ತುದಿ ನೋಡಿದ ಹಾಗೆ ಸುತ್ತಿನೊಳಗೆ ಸುತ್ತು. ಹೊರಗಿನ ಪದರ ಒಂದು ಕಡೆ ಸ್ವಲ್ಪ ಬಿಟ್ಟುಕೊಂಡು ಒಳಗಿನದರಿಂದ ದೂರ ನಿಂತಿದೆ. ಆ ಸಂದಿಯಲ್ಲಿ ಬೆಳಕು ಬಿದ್ದಾಗ ಒಳಪದರ ಹೊರಗಿನದಕ್ಕಿಂತ ಚೆನ್ನಾಗಿ ಹೊಳೆಯುತ್ತದೆ. ಕೊಳವೆಗಳ ನಡುವೆ ಪೈರೈಟಿನ ಸಣ್ಣ ಹಳದಿ ಚುಕ್ಕೆಗಳೂ ಇವೆ.

ಖನಿಜ ಅಂದರೆ ಚಪ್ಪಟೆ ಮುಖ, ಚೂಪು ಅಂಚು ಅಂತ ನಾವೆಲ್ಲ ಓದಿದ್ದು. ಅಂಥದ್ದರಲ್ಲಿ ಇದು ಸುರುಳಿ ಸುತ್ತಿಕೊಳ್ಳುತ್ತದೆ, ವಿಚಿತ್ರ ಅಲ್ವಾ? ಇದರೊಳಗೆ ಎರಡು ಬಗೆಯ ಪದರಗಳು ಒಂದಾದ ಮೇಲೊಂದು ಬರುತ್ತವೆ. ಒಂದು ಬಗೆಯಲ್ಲಿ ಸೀಸ, ತವರ, ಆಂಟಿಮನಿ ಗಂಧಕದ ಜೊತೆ ಹೆಚ್ಚುಕಡಿಮೆ ಚೌಕದ ಜೋಡಣೆಯಲ್ಲಿರುತ್ತವೆ. ಇನ್ನೊಂದರಲ್ಲಿ ತವರ ಮತ್ತು ಕಬ್ಬಿಣ ಗಂಧಕದ ಜೊತೆ ಷಟ್ಕೋನದ ಜೋಡಣೆಯಲ್ಲಿ. ಚೌಕದ ಲೆಕ್ಕ ಷಟ್ಕೋನದ ಲೆಕ್ಕಕ್ಕೆ ಹೊಂದುವುದಿಲ್ಲ. ಒಂದರ ಅಳತೆ ಇನ್ನೊಂದರ ಜೊತೆ ಎಲ್ಲೂ ಸರಿಯಾಗಿ ಕೂಡಿಬರುವುದಿಲ್ಲ. ಹೀಗೆ ಹೊಂದದ ಪದರಗಳು ಅಂಟಿಕೊಂಡೇ ಇರಬೇಕಾದಾಗ ಆಗುವ ಎಳೆತದಿಂದ ಹಾಳೆ ಬಾಗುತ್ತದೆ ಎಂದು ವಿವರಿಸುತ್ತಾರೆ. ಕಲ್ನಾರಿನ ಕ್ರೈಸೊಟೈಲ್ ಎಳೆಗಳೂ ಇಂಥದೇ ಕಾರಣಕ್ಕೆ ಸುರುಳಿಯಾಗುತ್ತವೆ. ಆದರೆ ಅವನ್ನು ನೋಡಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. ಇಲ್ಲಿ ಕಣ್ಣಿಗೇ ಕಾಣುತ್ತದೆ.

ಬಂದ ಮೇಲೆ ಮಾಮೂಲಿ ಪರೀಕ್ಷೆ ಮಾಡಿದೆ. ಕೊಳವೆಗಳನ್ನು ಮುಟ್ಟಲಿಲ್ಲ, ಬುಡದಿಂದ ಉದುರಿದ್ದ ಚೂರು ಬಳಸಿದೆ. ಮೆರುಗಿಲ್ಲದ ಪಿಂಗಾಣಿ ಬಿಲ್ಲೆಯ ಮೇಲೆ ಎಳೆದರೆ ಕಪ್ಪು ಗೆರೆ. ಬಿಳಿ ಕಾಗದಕ್ಕೆ ಉಜ್ಜಿದರೂ ಪೆನ್ಸಿಲ್ಲಿನಂತೆ ಮಸಿ ಹತ್ತುತ್ತದೆ. ಗಡಸುತನ ಮೋಸ್ ಅಳತೆಯಲ್ಲಿ ಎರಡೂವರೆ, ಅಂದರೆ ಉಗುರಿನಷ್ಟು. ಸಾಂದ್ರತೆ 5.4ರ ಆಸುಪಾಸು. ಬೆಣಚುಕಲ್ಲಿನ ಎರಡರಷ್ಟು ಭಾರ ಆಯ್ತು, ಆದರೆ ಸೀಸದ ಅದಿರು ಗೆಲೀನಾದ 7.5ರ ಹತ್ತಿರಕ್ಕೂ ಬರುವುದಿಲ್ಲ. ಚೂರನ್ನು ಚಿಮಟದಲ್ಲಿ ಒತ್ತಿದೆ. ಪಟ್ ಅಂತ ಪುಡಿಯಾಗಲಿಲ್ಲ. ಮೊದಲು ಸ್ವಲ್ಪ ಬಗ್ಗಿತು, ಆಮೇಲೆ ಪದರ ಪದರವಾಗಿ ಬಿಟ್ಟುಕೊಂಡಿತು. ಕಲ್ಲು ಅಸಲಿ, ಅದರಲ್ಲಿ ಎರಡು ಮಾತಿಲ್ಲ.

ಈಗ ಚೀಟಿಗೆ ಬರೋಣ. ಪೆಟ್ಟಿಗೆಯಲ್ಲಿದ್ದ ಚೀಟಿಯಲ್ಲಿ ಇದ್ದದ್ದು ಇಷ್ಟೇ: 'ಸಿಲಿಂಡ್ರೈಟ್, ಬೊಲಿವಿಯಾ, ತವರದ ಸಲ್ಫೈಡ್'. ಸಂಗ್ರಹ ಮಾಡುವವರಿಗೆ ಚೀಟಿ ಕಲ್ಲಿನಷ್ಟೇ ಮುಖ್ಯ. ಜಾಗ ಗೊತ್ತಿಲ್ಲದ ಕಲ್ಲು ಸುಮ್ನೆ ಅಲಂಕಾರಕ್ಕೆ ಅಷ್ಟೆ. 'ಬೊಲಿವಿಯಾ' ಅಂದರೆ ಏನು ಹೇಳಿದ ಹಾಗಾಯಿತು? ಈ ಖನಿಜವನ್ನು 1893ರಲ್ಲಿ ಜರ್ಮನಿಯ ಆಗಸ್ಟ್ ಫ್ರೆಂಜೆಲ್ ಮೊದಲು ವಿವರಿಸಿದ್ದು ಬೊಲಿವಿಯಾದ ಒರುರೊ ಪ್ರಾಂತದ ಪೊಓಪೊದಲ್ಲಿರುವ ಸಾಂತಾ ಕ್ರೂಸ್ ಗಣಿಯ ಕಲ್ಲಿನಿಂದ. ಪೊಓಪೊದಲ್ಲೇ ಟ್ರಿನಾಕ್ರಿಯಾ ಅಂತ ಇನ್ನೊಂದು ಗಣಿಯ ತುಣುಕುಗಳೂ ಸಂಗ್ರಾಹಕರ ಕೈಯಲ್ಲಿವೆ. ಯಾವ ಗಣಿಯದು ಅಂತ ಮೇಲ್ ಮಾಡಿ ಕೇಳಿದೆ. ಹಳೇ ಚೀಟಿ ಅವರ ಹತ್ತಿರವೇ ಇತ್ತಂತೆ! ಅದರ ಫೋಟೋ ಕಳಿಸಿದರು. ಅದರಲ್ಲಿ ಟ್ರಿನಾಕ್ರಿಯಾ ಅಂತ ಸ್ಪಷ್ಟವಾಗಿದೆ. ಅದನ್ನೇ ಪೆಟ್ಟಿಗೆಯಲ್ಲಿ ಹಾಕಿ ಕಳಿಸಲು ಏನು ಕಷ್ಟ?

'ತವರದ ಸಲ್ಫೈಡ್' ಅನ್ನುವುದು ಪೂರ್ತಿ ತಪ್ಪೇನಲ್ಲ, ಆದರೆ ಅರೆಬರೆ. ಸರಳ ಸೂತ್ರದ ಪ್ರಕಾರ ಇದರಲ್ಲಿ ಸೀಸದ 3, ತವರದ 4, ಕಬ್ಬಿಣದ 1, ಆಂಟಿಮನಿಯ 2, ಗಂಧಕದ 14 ಪರಮಾಣು. ತೂಕದ ಲೆಕ್ಕ ಹಾಕಿದರೆ ಸೀಸವೇ ಮುಂದೆ, ಸುಮಾರು 34 ಪರ್ಸೆಂಟ್. ತವರ 26ರ ಹತ್ತಿರ. ಆಂಟಿಮನಿ 13. ಆ ಆಂಟಿಮನಿಯೇ ಇಲ್ಲಿ ಮುಖ್ಯ. ಗಂಧಕದ ಜೊತೆ ಬರೀ ಲೋಹ ಇದ್ದರೆ ಅದು ಸಾಮಾನ್ಯ ಸಲ್ಫೈಡ್, ಗೆಲೀನಾ ಥರ. ಲೋಹದ ಜೊತೆಗೆ ಆರ್ಸೆನಿಕ್, ಆಂಟಿಮನಿ, ಬಿಸ್ಮತ್ ಇವುಗಳಲ್ಲಿ ಒಂದು ಸೇರಿ, ಅದೂ ಗಂಧಕಕ್ಕೆ ಲೋಹದಂತೆಯೇ ಕೈಜೋಡಿಸಿದರೆ ಅದು ಸಲ್ಫೋಸಾಲ್ಟ್. ಹಾಗಾಗಿ ಇದು ಸೀಸ, ತವರ, ಕಬ್ಬಿಣ, ಆಂಟಿಮನಿಗಳ ಸಲ್ಫೋಸಾಲ್ಟ್. ಚೀಟಿಯಲ್ಲಿ ಇದಕ್ಕೆ ಒಂದು ಸಾಲು ಜಾಗ ಸಾಕಿತ್ತು.

ಆದರೂ ಮಾರುವವರನ್ನು ಪೂರ್ತಿ ಬೈಯುವ ಹಾಗಿಲ್ಲ. ವರ್ಗೀಕರಣ ಮಾಡುವವರಲ್ಲೇ ಎರಡು ದಾರಿ ಇದೆ. ಡೇನಾ ಪದ್ಧತಿಯಲ್ಲಿ ಸಲ್ಫೋಸಾಲ್ಟ್‌ಗಳಿಗೆ ಪ್ರತ್ಯೇಕ ವರ್ಗ, ಮೂರನೆಯದು. ಸ್ಟ್ರುಂಟ್ಸ್ ಪದ್ಧತಿಯಲ್ಲಿ ಅವು ಸಲ್ಫೈಡ್‌ಗಳ ಎರಡನೇ ವರ್ಗದೊಳಗೇ ಬರುತ್ತವೆ, ಸಿಲಿಂಡ್ರೈಟ್ ಇರುವುದು 2.ಎಚ್‌ಎಫ್ ಗುಂಪಿನಲ್ಲಿ. ನನಗೆ ಸ್ಟ್ರುಂಟ್ಸ್ ದಾರಿಯೇ ಸರಿ ಅನ್ನಿಸುತ್ತದೆ. ಅದು ಒಳಗಿನ ಜೋಡಣೆಯನ್ನು ನೋಡಿ ಗುಂಪು ಮಾಡುತ್ತದೆ. ಈ ಗುಂಪಿನಲ್ಲಿ ತವರದ ಸಲ್ಫೈಡ್ ಮತ್ತು ಸೀಸದ ಸಲ್ಫೈಡ್ ಮಾದರಿಯ ತುಂಡುಗಳು ಸೇರಿ ಆದ ಖನಿಜಗಳಿವೆ. ಈ ಕಲ್ಲಿನ ಕಥೆಯೇ ಅದು ತಾನೆ? ಬೀರುವಿನಲ್ಲಿ ಜೋಡಿಸುವಾಗಲೂ ಇದನ್ನೇ ಅನುಸರಿಸುತ್ತೇನೆ.

ಇದರ ಹತ್ತಿರದ ನೆಂಟ ಫ್ರಾಂಕೈಟ್. ಕೊಳ್ಳುವವರು ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಅದನ್ನೂ ವಿವರಿಸಿದ್ದು 1893ರಲ್ಲೇ, ಅದೂ ಬೊಲಿವಿಯಾದ್ದೇ. ಅದರಲ್ಲೂ ಅವೇ ಎರಡು ಬಗೆಯ ಪದರಗಳು, ಆದರೆ ಚೌಕದ ಪದರ ಎರಡರಷ್ಟು ದಪ್ಪ. ಅದು ಬಾಗಿದ ತೆಳು ತಗಡುಗಳಾಗಿ, ಗೊಂಚಲಾಗಿ ಬೆಳೆಯುತ್ತದೆ, ಹೀಗೆ ಅಚ್ಚುಕಟ್ಟಾದ ಕೊಳವೆಯಾಗುವುದಿಲ್ಲ. ಎರಡೂ ಒಂದೇ ಕಲ್ಲಿನಲ್ಲಿ ಸಿಗುವುದುಂಟು. ಕೊಳವೆ ಕಾಣದ ಬೂದು ಮುದ್ದೆಗೆ 'ಸಿಲಿಂಡ್ರೈಟ್' ಅಂತ ಚೀಟಿ ಅಂಟಿಸಿದ್ದರೆ ಎಕ್ಸ್-ರೇ ಪರೀಕ್ಷೆಯ ಫಲಿತಾಂಶ ಕೇಳಿ. ಫ್ರಾಂಕೈಟಿಗೆ ಈಚೆಗೆ ಹೊಸ ಮರ್ಯಾದೆಯೂ ಬಂದಿದೆ. 2017ರಲ್ಲಿ ವಿಜ್ಞಾನಿಗಳು ಅದರ ಪದರಗಳನ್ನು ನ್ಯಾನೊಮೀಟರ್ ದಪ್ಪಕ್ಕೆ ಬಿಡಿಸಿ ವಿದ್ಯುತ್ ಗುಣಗಳನ್ನು ಅಳೆದರು. ಬೇರೆಯವರು ಪ್ರಯೋಗಾಲಯದಲ್ಲಿ ಎರಡು ಬಗೆಯ ಹಾಳೆಗಳನ್ನು ಕಷ್ಟಪಟ್ಟು ಒಂದರ ಮೇಲೊಂದು ಪೇರಿಸುತ್ತಿದ್ದರೆ, ಈ ಕಲ್ಲು ಆ ಕೆಲಸ ಮುಗಿಸಿಕೊಂಡೇ ಬಂದಿದೆ. ಇದೇ ಬಳಗದ ಅಬ್ರಮೊವೈಟ್‌ನಲ್ಲಿ ಇಂಡಿಯಂ ಅನ್ನುವ ಲೋಹ ಇದೆ. ಅದು ಸಿಕ್ಕಿದ್ದು ಕುರಿಲ್ ದ್ವೀಪಗಳ ಕುದ್ರ್ಯಾವಿ ಜ್ವಾಲಾಮುಖಿಯ ಬಿಸಿ ಅನಿಲದ ಬಾಯಲ್ಲಿ. ಅದನ್ನು ಕೊಳ್ಳುವ ಆಸೆಯೇನೂ ನನಗಿಲ್ಲ, ಬರಿಗಣ್ಣಿಗೆ ಅದು ಕಾಣುವುದೇ ಕಷ್ಟ.

ಪ್ಯಾಕಿಂಗ್ ಬಗ್ಗೆ ಒಂದು ದೂರು ಇದೆ. ಕಲ್ಲನ್ನು ಹತ್ತಿಯಲ್ಲಿ ಸುತ್ತಿ ಕಳಿಸಿದ್ದರು. ಪದರ ಬಿಡುವ ಖನಿಜಕ್ಕೆ ಹತ್ತಿಯಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಎಳೆಗಳು ಎದ್ದಿರುವ ಪದರದ ಅಂಚಿಗೆ ಸಿಕ್ಕಿಕೊಂಡಿದ್ದವು. ನಿಧಾನವಾಗಿ ಬಿಡಿಸಿದರೂ ಒಂದು ತೆಳು ಸಿಪ್ಪೆ ಅದರ ಜೊತೆಗೇ ಬಂತು. ಕಲ್ಲಿನ ಬುಡಕ್ಕೆ ಅಂಟು ಹಾಕಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಕೂರಿಸಿ ಕಳಿಸಿದ್ದರೆ ಸಾಕಿತ್ತು. ಇದನ್ನೂ ಬರೆದು ತಿಳಿಸಿದೆ. ಕ್ಷಮೆ ಕೇಳಿದರು, ಆದರೆ ಪರಿಹಾರದ ಮಾತೆತ್ತಲಿಲ್ಲ.

ತಗೊಳ್ಳುವವರು ನೆನಪಿಡಿ: ಬ್ರಶ್ ಹಾಕಿ ಉಜ್ಜಬೇಡಿ, ಅಲ್ಟ್ರಾಸಾನಿಕ್ ತೊಟ್ಟಿಗೆ ಇಳಿಸಲೇಬೇಡಿ. ಧೂಳು ಬಿದ್ದರೆ ಗಾಳಿ ಊದುವ ರಬ್ಬರ್ ಬುರುಡೆ ಸಾಕು. ಮೂರನೇ ಒಂದು ಭಾಗ ಸೀಸವೇ ಆದ್ದರಿಂದ ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ. ಪೈರೈಟ್ ಜೊತೆಗಿರುವುದರಿಂದ ತೇವ ತಾಗದ ಕಡೆ ಇಡಿ. ಫಳಫಳ ಹೊಳೆಯುವ, ಬಣ್ಣ ಬಣ್ಣದ ಕಲ್ಲು ಬೇಕು ಅನ್ನುವವರಿಗೆ ಇದು ಹಿಡಿಸುವುದಿಲ್ಲ. ದೂರದಿಂದ ನೋಡಿದರೆ ಕರಿ ಗೊಂಡೆ ಅಷ್ಟೆ. ಲೂಪ್ ಇಲ್ಲದವರು ಮೊದಲು ಲೂಪ್ ಕೊಳ್ಳಿ.

ಕಲ್ಲಿಗೆ ಐದಕ್ಕೆ ಐದು, ಸೇವೆಗೆ ಎರಡೂವರೆ. ಅವರ ಪಟ್ಟಿಯಲ್ಲಿ ಈಗ ಒಂದು ಫ್ರಾಂಕೈಟ್ ಇದೆ. ಹಳೇ ಚೀಟಿ ಜೊತೆಗೇ ಬರಬೇಕು, ಹತ್ತಿ ಬೇಡ ಅಂತ ಬರೆದು ಆರ್ಡರ್ ಹಾಕಿದ್ದೇನೆ.