ಹಾರುವ ಓತಿಯನ್ನು ಅಡಗಿಸಲು ಆಯಿಲ್ ಪೇಸ್ಟಲ್ ಹೇಗೆ?

ಪ್ರಾಣಿಯ ಚಿತ್ರ ಬರೆದು ಅದನ್ನು ಹಿನ್ನೆಲೆಯ ಬಣ್ಣದಲ್ಲೇ ಮರೆಮಾಡುವ ತರಗತಿ ಚಟುವಟಿಕೆಗೆ 25 ಬಣ್ಣಗಳ ಆಯಿಲ್ ಪೇಸ್ಟಲ್ (ಎಣ್ಣೆ ಬೆರೆತ ಮೆತ್ತನೆಯ ಬಣ್ಣದ ಕಡ್ಡಿ) ಪೆಟ್ಟಿಗೆ ಮೇಣದ ಕ್ರೆಯಾನ್‌ಗಿಂತ ಎಷ್ಟೋ ಮೇಲು. ಕ್ರೆಯಾನ್ ಮೇಲೆ ಎರಡನೇ ಬಣ್ಣ ಸರಿಯಾಗಿ ಕೂರುವುದಿಲ್ಲ; ಪೇಸ್ಟಲ್ ಬೆರಳಲ್ಲಿ ಉಜ್ಜಿದರೆ ಬೆರೆಯುತ್ತದೆ. ಬೂದು, ಕಂದು, ಬಿಳಿ ಇವೆಯೇ ಎಂದು ಪೆಟ್ಟಿಗೆ ತೆರೆದು ನೋಡಿಯೇ ಕೊಳ್ಳಿ.

ಶಿರಸಿ ಕಡೆಯ ಮಕ್ಕಳಿಗೆ ಎಲೆಹುಳ, ಚಿರತೆಗಿಂತ ಅಡಿಕೆ ಮರದ ಹಾರುವ ಓತಿಯೇ ಒಳ್ಳೆಯ ವಿಷಯ. ತೋಟಕ್ಕೆ ಹೋದರೆ ಕಾಂಡ ಎದುರಿಗೇ ಇದೆ. ಎ4 ಅಳತೆಯ ದಪ್ಪ ಡ್ರಾಯಿಂಗ್ ಹಾಳೆಯಲ್ಲಿ ಓತಿಯ ಆಕಾರವನ್ನು ಪೆನ್ಸಿಲ್‌ನಿಂದ ತೀರಾ ಹಗುರವಾಗಿ ಬರೆಯಿಸಿ. ಆಮೇಲೆ ಬೂದು ಬಣ್ಣವನ್ನು ಕಾಂಡಕ್ಕೂ ಓತಿಗೂ ಒಟ್ಟಿಗೇ ಹಚ್ಚಬೇಕು, ಕಂದು ಗೆರೆಗಳು ಮೈ ದಾಟಿ ಆಚೆ ಹೋಗಬೇಕು. ತೊಗಟೆಗೆ ಅಂಟಿ ಬೆಳೆಯುವ ಬಿಳಿ, ತಿಳಿಹಸಿರು ಕಲ್ಲುಹೂವಿನ ಮಚ್ಚೆಗಳು ಅರ್ಧ ಮೈಮೇಲೆ, ಅರ್ಧ ತೊಗಟೆಯ ಮೇಲೆ ಬೀಳಲಿ. ಓತಿಯ ಅಂಚು ಒಡೆದು ಅದು ಕಣ್ಣಿಗೆ ಮರೆಯಾಗುವುದು ಇಲ್ಲೇ!

ಹೆಚ್ಚಿನ ಚಿತ್ರಗಳು ಕೆಡುವುದು ಕೊನೆಗೆ ಎಳೆಯುವ ಕಪ್ಪು ಹೊರಗೆರೆಯಿಂದ. ಗಂಡು ಓತಿಯ ಹಳದಿ ಗಂಟಲಚೀಲವನ್ನೂ ಬಿಡಿಸಬೇಡಿ; ಅದು ಬಿಚ್ಚಿದರೆ ಎದ್ದು ಕಾಣುವಂಥದ್ದೇ.

ಪೇಸ್ಟಲ್‌ನ ದೊಡ್ಡ ಕೊರತೆ, ಅದು ಪೂರ್ತಿ ಒಣಗುವುದೇ ಇಲ್ಲ. ಹಾಳೆಗಳ ನಡುವೆ ಬಟರ್ ಪೇಪರ್ ಇಡದಿದ್ದರೆ ಒಂದರ ಬಣ್ಣ ಇನ್ನೊಂದಕ್ಕೆ ಅಂಟುತ್ತದೆ. ಬಿಳಿ ಕಡ್ಡಿ ಬೇಗ ಕೊಳೆಯಾಗುತ್ತದೆ, ಪ್ರತಿ ಸಲ ಬಟ್ಟೆಯಲ್ಲಿ ಒರೆಸಬೇಕು. ಮಳೆಗಾಲದಲ್ಲಿ ಥಂಡಿ ಹಿಡಿದ ಹಾಳೆ ಉಜ್ಜಿದಲ್ಲಿ ಸಿಪ್ಪೆ ಏಳುತ್ತದೆ, ಹಾಗಾಗಿ ಹಾಳೆಯ ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಡಿ.