ಬೀದರಿನ ಗಾಳಿ, ಕಲಬುರಗಿ ದವಾಖಾನಿ: ಎರಡೂ ಕಡಿ ಬಾಡಗಿ ಮನಿ ಹಿಡ್ದು ನೋಡಿದ್ಮ್ಯಾಲ

ಹೋದ್ ವಾರ ನಮ್ ಮೈದುನ ಬೆಂಗಳೂರಿಂದ ಫೋನ್ ಮಾಡಿ "ವೈನಿ, ನಾವೂ ಸಾಮಾನ್ ಕಟ್ಕೊಂಡ್ ಬಂದ್ಬಿಡಬೇಕ್ ಅಂತ ಮಾಡೀವಿ, ಬೀದರಿಗೆ ಬರೋಣೇನು ಕಲಬುರಗಿಗೇನು, ನೀವ್ ಎರಡೂ ಕಡಿ ಇದ್ ನೋಡೀರಲ್ಲ, ನೀವ ಹೇಳ್ರಿ" ಅಂದ. ಒಂದ್ ತಾಸ್ ಮಾತಾಡ್ದೆ, ಫೋನ್ ಇಟ್ಟ ಮ್ಯಾಲ ಗೊತ್ತಾಯ್ತು ಅರ್ಧಾನೂ ಹೇಳಿಲ್ಲ ಅಂತ. ಅದಕ್ಕ ಬರದ್ ಇಡ್ತೀನಿ, ಅವನಂಗ ಲೆಕ್ಕಾ ಹಾಕ್ಕೋತ ಕುಂತವ್ರು ಇನ್ನೂ ಭಾಳ ಮಂದಿ ಇರ್ತಾರ.

ನಮ್ದು ಹುಮನಾಬಾದ್ ಬಾಜೂಕ ಹಳ್ಳಿ, ನಾಕ್ ಎಕರೆ ಹೊಲ ಅದ. ಹುಮನಾಬಾದಿಂದ ಬೀದರ್ ಸುಮಾರು 50 ಕಿಲೋಮೀಟರ್, ಕಲಬುರಗಿ 60, ಅಂದ್ರ ನಟ್ಟನಡುವೆ. ಅದಕ್ಕ ನಮ್ಗ ಈ ಎರಡು ಊರಿನ ಪಂಚಾಯ್ತಿ ಬಂತು. ಬೆಂಗಳೂರಾಗ 13 ವರ್ಷ ಇದ್ವಿ, ನಂದು ಪೇರೋಲ್ ಕೆಲ್ಸ, ಕಂಪನಿಯವ್ರು ಮನ್ಯಾಗಿಂದ ಮಾಡು, ಎರಡ್ ತಿಂಗಳಿಗೊಮ್ಮೆ ಮೂರ್ ದಿನ ಬಂದ್ ಮಾರಿ ತೋರ್ಸು ಅಂದ್ರು. ನಮ್ಮನಿಯವ್ರು ಇನ್ಶೂರೆನ್ಸ್ ಸರ್ವೇ ಕೆಲ್ಸ ಮಾಡ್ತಾರ, ಅವ್ರಿಗಿ ಊರೂರು ತಿರಗೋದ ಇರ್ತದ. ಮೊದ್ಲು ಬೀದರ್‌ದಾಗ 11 ತಿಂಗಳು, ಅಗ್ರಿಮೆಂಟ್ ಮುಗಿಯೋತನ ಇದ್ದು ಆಮ್ಯಾಲ ಕಲಬುರಗಿಗಿ ಬಂದ್ವಿ, ಇಲ್ಲಿ ಈಗ ಎರಡ್ ಬ್ಯಾಸಗಿ ಕಳದೀವಿ. ನಾನು ವರ್ಷಕ್ಕಿಂತ ಬ್ಯಾಸಗಿ ಲೆಕ್ಕಾನೇ ಹಿಡಿಯಾಕಿ, ಯಾಕಂತ ಮುಂದ ಹೇಳ್ತೀನಿ.

ರೊಕ್ಕದ್ದು ಮೊದ್ಲು ಮುಗಿಸ್ಬಿಡ್ತೀನಿ, ಎಲ್ಲಾರೂ ಅದನ್ನ ಮೊದ್ಲು ಕೇಳೋದು. ಬೆಂಗಳೂರಾಗ ಎರಡ್ ಬೆಡ್‌ರೂಮಿಗೆ 27,000 ಬಾಡಗಿ, ಮ್ಯಾಲ ಮೇಂಟೆನನ್ಸ್ ಬ್ಯಾರೆ. ಬೀದರ್‌ದಾಗ ನೌಬಾದ್ ಕಡಿ ಅದಕ್ಕಿಂತ ದೊಡ್ ಮನಿ 9,000ಕ್ಕ ಸಿಕ್ತು, ಮುಂದ ಅಂಗಳ, ಒಂದ್ ಪೇರಲ ಗಿಡ. ಕಲಬುರಗಿ ಸೇಡಂ ರೋಡ್ ಕಡಿ 13,500. ಕಾಗದದ ಮ್ಯಾಲ ನೋಡಿದ್ರ ತಿಂಗಳಿಗಿ 14-18 ಸಾವಿರ ಉಳಿಬೇಕು. ಉಳಿಲಿಲ್ರಿ. ಇನ್ವರ್ಟರ್ ಬ್ಯಾಟ್ರಿ ತಗೊಂಡ್ವಿ, ಏಸಿ ತಗೊಂಡ್ವಿ, ಬೆಂಗಳೂರಿಗಿ ಹೋಗಿ ಬಂದು ಮೂರ್ ದಿನದ ಲಾಡ್ಜ್ ಖರ್ಚು, ಮತ್ತ ಊರ ಹತ್ರ ಬಂದೀವಿ ಅಂದ್ರ ಮದ್ವಿ, ತೊಟ್ಲ, ಗೃಹಪ್ರವೇಶ, ಒಂದೂ ತಪ್ಪಸಂಗಿಲ್ಲ. ಬೆಂಗಳೂರಾಗ ಇದ್ದಾಗ "ರಜಾ ಸಿಗ್ಲಿಲ್ಲ" ಅಂತ ಒಂದ್ ಮಾತಾಗ ಮುಗೀತಿತ್ತು, ಈಗ ಅರವತ್ ಕಿಲೋಮೀಟರ್‌ನಾಗ ಇದ್ದು ಬರ್ಲಿಲ್ಲ ಅಂದ್ರ ಜೀವನಪೂರ್ತಿ ಆಡ್ತಾರ. ಉಳಿತಾಯ ಖರೇನೂ ಆಗ್ಯದ, ಆದ್ರ ಅಂದುಕೊಂಡಿದ್ದರ ಅರ್ಧ.

ಈಗ ಬಿಸ್ಲಿನ ಮಾತು. ಬೀದರ್ ಎತ್ತರದ ಮ್ಯಾಲ ಅದ, ಕೆಂಪ್ ಜಂಬಿಟ್ಟಿಗಿ ನೆಲ, ಸಂಜಿ ಐದೂವರಿಗಿ ಗಾಳಿ ಬಿಟ್ತು ಅಂದ್ರ ಏಪ್ರಿಲ್‌ದಾಗ ಸುದ್ದಾ ಮಾಳಗಿ ಮ್ಯಾಲ ಕುಂತ್ ಊಟ ಮಾಡ್ಬಹುದು. ಅಲ್ಲಿ ಕೂಲರ್ ಹಚ್ಚಿದ್ದು ಎಲ್ಲಾ ಸೇರಿ ಐದ್ ವಾರ. ಕಲಬುರಗಿಯಾಗ ಹಂಗಿಲ್ಲ, ಇಲ್ಲಿ ಎರಿ ಮಣ್ಣು, ಕಲ್ಲಿನ ಚಪ್ಪಡಿ, ಹಗಲೆಲ್ಲಾ ಬಿಸ್ಲು ಕುಡ್ದು ರಾತ್ರಿ ಹೊರಗ ಬಿಡ್ತದ. ಹೋದ್ ಮೇ ತಿಂಗಳು 43 ದಾಟಿತ್ತು, ರಾತ್ರಿ ಹನ್ನೊಂದಕ್ಕ ಗ್ವಾಡಿ ಮುಟ್ಟಿದ್ರ ರೊಟ್ಟಿ ಹಂಚು ಮುಟ್ಟಿದಂಗ. ಈ ಭಾಗದಾಗ ಏಪ್ರಿಲ್ ಮೇದಾಗ ಸರ್ಕಾರಿ ಆಫೀಸೇ ಮುಂಜಾನಿ 8ರಿಂದ 1:30 ತನಕ ಅಂತ ಟೈಮ್ ಬದಲ್ ಮಾಡ್ತಾರ, ಬೀದರಿಗೂ ಅದ ಟೈಮೇ, ಆದ್ರ ಅದರ ಅರ್ಥ ಏನಂತ ನನಗ ತಿಳದದ್ದು ಕಲಬುರಗಿಗಿ ಬಂದ್ಮ್ಯಾಲ. ನಮ್ ಬೆಂಗಳೂರು ಮ್ಯಾನೇಜರ್ ಮಧ್ಯಾಹ್ನ ಎರಡೂವರಿಗಿ ಮೀಟಿಂಗ್ ಇಡ್ತಾನ, ಆ ಹೊತ್ತಿಗಿ ಇಲ್ಲಿ ನಾಯಿ ಸುದ್ದಾ ಗಟಾರದಾಗಿಂದ ಎದ್ ಬರಂಗಿಲ್ಲ.

ಏಸಿದ್ದೂ ಒಂದ್ ಕತಿನ. ಸರ್ಕಾರದ ಪುಕ್ಕಟ ಕರೆಂಟು ಗೃಹಜ್ಯೋತಿಯಾಗ 200 ಯೂನಿಟ್ ದಾಟ್ತು ಅಂದ್ರ ಪೂರಾ ಬಿಲ್ ಕಟ್ಟಬೇಕಲ್ಲ, ಬೀದರ್‌ದಾಗ ಒಂದ್ ತಿಂಗಳೂ ದಾಟಿರಲಿಲ್ಲ, ಇಲ್ಲಿ ಮೇ ತಿಂಗಳಿಂದು 3,800 ಬಂತು. ಕೂಲರ್ ಸಾಕು ಅನ್ನವ್ರು ಇದ್ದಾರ, ಒಣ ಬಿಸ್ಲಿಗಿ ಕೂಲರ್ ಛಲೋ ಕೆಲ್ಸ ಮಾಡ್ತದ ಖರೇ, ಆದ್ರ ನಮ್ ಬೋರಿನ ನೀರು ಸವಳ, ಒಂದ್ ತಿಂಗಳಿಗಿ ಕೂಲರಿನ ಹುಲ್ಲು ಬಿಳಿ ಉಪ್ಪು ಹಿಡ್ದು ಕಲ್ಲಾಗ್ತದ.

ಸುಲ್ತಾನ ಅಹ್ಮದ್ ಶಾ ಸುದ್ದಾ ಸುಮಾರು 600 ವರ್ಷದ ಹಿಂದ ಬಹಮನಿ ರಾಜಧಾನಿನ ಕಲಬುರಗಿಂದ ಎತ್ಕೊಂಡ್ ಬೀದರಿಗಿ ಹೋದ. ನಾವು ಅವನ್ ಉಲ್ಟಾ ಬಂದೀವಿ ಅಂತ ನಮ್ಮನಿಯವ್ರು ಪ್ರತಿ ಏಪ್ರಿಲ್‌ದಾಗ ಒಮ್ಮೆ ಹೇಳ್ತಾರ, ಈಗ ಯಾರೂ ನಗಂಗಿಲ್ಲ.

ಹಂಗಾದ್ರ ಯಾಕ್ ಬಂದ್ರಿ ಅಂತ ಕೇಳ್ತೀರಿ. ಮಾವನೋರ ಸಲುವಾಗಿ.

ಬೀದರ್‌ದಾಗ ಇದ್ದಾಗ, ಒಂಬತ್ನೇ ತಿಂಗಳು, ರಾತ್ರಿ ಒಂದೂವರಿಗಿ ಮಾವನೋರು ಎದಿ ಹಿಡ್ಕೊಂಡ್ ಕುಂತ್ರು. ಒಂದ್ ಖಾಸಗಿ ದವಾಖಾನಿಗಿ ಒಯ್ದ್ವಿ, ಇಸಿಜಿ ತಗದ್ರು, ಒಂದ್ ಇಂಜೆಕ್ಷನ್ ಹಾಕಿ "ಹೈದರಾಬಾದಿಗಿ ಒಯ್ರಿ" ಅಂದ್ರು. ಬೀದರ್ ಮಂದಿಗಿ ಈ ಮಾತು ಹೊಸಾದಲ್ಲ, ದೊಡ್ಡ ಬ್ಯಾನಿ ಅಂದ್ರ ಹೈದರಾಬಾದ್, ಮದ್ವಿ ಸೀರಿ ಅಂದ್ರೂ ಹೈದರಾಬಾದ್. ಹಗಲು ಕಾರಿನಾಗ ಹೋಗವ್ರಿಗಿ 140 ಕಿಲೋಮೀಟರ್ ಏನೂ ಅನ್ನಿಸಂಗಿಲ್ಲ, ರಾತ್ರಿ ಎರಡಕ್ಕ ಆಂಬುಲೆನ್ಸ್‌ನಾಗ ಮಾವನೋರ ಕೈ ಹಿಡ್ಕೊಂಡ್ ಕುಂತ್ ಜಹೀರಾಬಾದ್ ದಾಟೋದ್ರೊಳಗ ನನಗ ಒಂದ್ ವರ್ಷ ಆಯಸ್ಸು ಕಡಿಮಿ ಆಯ್ತು. ಉಳದ್ರು, ಸ್ಟೆಂಟ್ ಹಾಕಿದ್ರು, ಛಲೋನೂ ನೋಡ್ಕೊಂಡ್ರು, ಆದ್ರ ಬಿಲ್ ಕಟ್ಟೋ ಹೊತ್ತಿನಾಗ ನನ್ ಎರಡ್ ಬಳಿ ಹೋದ್ವು. ಪ್ರತಿ ಚೆಕಪ್ಪಿಗಿ ಮತ್ತ ಹೈದರಾಬಾದ್, ಒಂದ್ ಪೂರಾ ದಿನ.

ಕಲಬುರಗಿಯಾಗ ಜಯದೇವ ಅದ, ಎದಿ ಬ್ಯಾನಿದ್ದ ಸರ್ಕಾರಿ ದವಾಖಾನಿ. 2024 ಡಿಸೆಂಬರ್‌ದಾಗ ಹೊಸ ಕಟ್ಟಡ ಶುರು ಆಯ್ತು, 371 ಹಾಸಗಿದು, ಸಂವಿಧಾನದಾಗ ನಮ್ ಭಾಗಕ್ಕ ವಿಶೇಷ ಸವಲತ್ತು ಕೊಟ್ಟ 371(ಜೆ) ಕಲಮಿನ ಲೆಕ್ಕಕ್ಕ ಹೊಂದಸ್ಯಾರ. ನಮ್ ಮನಿಯಿಂದ ಆಟೋದಾಗ ಇಪ್ಪತ್ ನಿಮಿಷ. ಮಾವನೋರು ಈಗ ಮುಂಜಾನಿ ಹೋಗಿ ಚೀಟಿ ಮಾಡಿಸ್ಕೊಂಡ್, ಬಾಜೂಕ ಕುಂತವ್ರ ಊರು ಕೇರಿ ಎಲ್ಲಾ ಕೇಳ್ಕೊಂಡ್, ಮಧ್ಯಾಹ್ನ ಊಟಕ್ಕ ಮನಿಗಿ ಬರ್ತಾರ. ಸಾಲು ಉದ್ದ ಇರ್ತದ, ಅದೇನ್ ಸುಳ್ಳಲ್ಲ. ಇದು ಬಿಟ್ರ ಸರ್ಕಾರಿ ಮೆಡಿಕಲ್ ಕಾಲೇಜು ಜಿಮ್ಸ್, ಇಎಸ್‌ಐ ಮೆಡಿಕಲ್ ಕಾಲೇಜು, ಕ್ಯಾನ್ಸರಿಗಿ ಕಿದ್ವಾಯಿದು ಒಂದ್ ಸೆಂಟರ್, ಎಲ್ಲಾ ಇಲ್ಲೇ ಅವ. ಬೀದರ್‌ದಾಗೂ ಸರ್ಕಾರಿ ಮೆಡಿಕಲ್ ಕಾಲೇಜು ಬ್ರಿಮ್ಸ್ ಅದ, ಬಾಣಂತನ, ಜ್ವರ, ಕೈ ಮುರದದ್ದಕ್ಕ ನಾನ ಬ್ಯಾಡ ಅನ್ನಂಗಿಲ್ಲ. ಮನ್ಯಾಗ ಎದಿ ಬ್ಯಾನಿಯವ್ರು ಇದ್ರ ಮಾತ್ರ ಲೆಕ್ಕ ಬ್ಯಾರೆ. ಅಂದ್ಹಂಗ ಕಲಬುರಗಿ ಹಳೆ ಮಂದಿ ಇನ್ನೂ ಏನರೆ ಆದ್ರ ಸೊಲ್ಲಾಪುರ ಅಂತಾರ, ನಮ್ ಮನಿ ಮಾಲಕರ ಪ್ರಕಾರ ಸೊಲ್ಲಾಪುರ ಡಾಕ್ಟ್ರು ಬರದ್ರ ಮಾತ್ರ ಅದು ಗುಳಗಿ.

ಬೆಂಗಳೂರಿಗಿ ಹೋಗಿ ಬರೋದ್ರಾಗ ಕಲಬುರಗಿ ಸೀದಾ ಗೆಲ್ತದ. ಮುಂಬೈ-ಚೆನ್ನೈ ಲೈನ್ ಮ್ಯಾಲ ಇದ್ದದ್ದಕ್ಕ ಉದ್ಯಾನ್, ಹಾಸನ್ ಸೊಲ್ಲಾಪುರ, ಬಸವ, ರಾತ್ರಿ ಮಲ್ಕೊಂಡ್ ಹೋಗೋ ಗಾಡಿ ಭಾಳ ಅವ, 2024ರ ಮಾರ್ಚಿಂದ ವಂದೇ ಭಾರತ್ ಬ್ಯಾರೆ, ಮುಂಜಾನಿ ಹತ್ತಿದ್ರ ಮಧ್ಯಾಹ್ನ ಬೆಂಗಳೂರು. ಬೀದರ್‌ದಾಗ ಯಶವಂತಪುರ ಗಾಡಿಗಿ ಟಿಕೆಟ್ ಸಿಗ್ಲಿಲ್ಲಂದ್ರ ಸ್ಲೀಪರ್ ಬಸ್ಸೇ ಗತಿ, ಬೆನ್ನು ಹೇಳ್ತದ. ವಿಮಾನದ ಮ್ಯಾಲ ಲೆಕ್ಕ ಹಾಕಿ ಬರಬ್ಯಾಡ್ರಿ ಅಂತ ಮೈದುನಗ ಖಡಕ್ ಹೇಳೀನಿ. ಕಲಬುರಗಿ ಏರ್‌ಪೋರ್ಟ್ 2019 ನವೆಂಬರ್‌ದಾಗ, ಬೀದರಿಂದು 2020 ಫೆಬ್ರುವರಿಯಾಗ ಶುರು ಆದ್ವು, ಎರಡೂ ಕಡಿ ವಿಮಾನ ಬರ್ತದ, ನಿಲ್ತದ, ಮತ್ತ ಬರ್ತದ, ನಮ್ ಹಳ್ಳಿ ನಳದಂಗ. ಒಂದ್ ಉಪಕಾರ ಆದದ್ದು ಬೀದರ್-ಕಲಬುರಗಿ ರೈಲು ಲೈನು, 2017 ಅಕ್ಟೋಬರ್‌ದಾಗ ಶುರು ಆದದ್ದು, ನಡುವ ಹುಮನಾಬಾದ್ ಬರ್ತದ, ಹೊಲಕ್ಕ ಹೋಗ್ಬೇಕಂದ್ರ ಅತ್ತಿ ಒಬ್ಬಾಕೀನೇ ಬುತ್ತಿ ಕಟ್ಕೊಂಡ್ ಹತ್ತಿ ಹೋಗ್ತಾರ.

ಸಾಲಿ ಬಗ್ಗೆ ನಂದು ಒಂದ ಮಗಳಿನ ಅನುಭವ, ಎಂಟನೇತ್ತೆ. ನೀಟ್ ಅಂತ ತಲ್ಯಾಗ ಇದ್ದವ್ರು ಬೀದರ್ ಬಿಡಬ್ಯಾಡ್ರಿ, ಅಲ್ಲಿನ ಶಾಹೀನ್ ಕಾಲೇಜಿಗಿ ಬ್ಯಾರೆ ರಾಜ್ಯದಿಂದ ಮಕ್ಕಳು ಬಂದ್ ಓದ್ತಾವ. ನನ್ ಮಗಳು ಡಾಕ್ಟರ್ ಆಗಂಗಿಲ್ಲ ಅಂತ ಈಗ್ಲೇ ಹೇಳ್ಯಾಳ, ಆಕಿಗಿ ಡ್ರಾಯಿಂಗ್ ಬೇಕು, ಡ್ರಾಯಿಂಗ್ ಕ್ಲಾಸು ಇಲ್ಲಿ ಸಿಕ್ತು, ಅಲ್ಲಿ ಮನಿ ಹತ್ರ ಸಿಕ್ಕಿರಲಿಲ್ಲ. 371(ಜೆ)ದಾಗ ಈ ಭಾಗದ ಕಾಲೇಜಿನ ಸೀಟಿನಾಗ 70 ಪರ್ಸೆಂಟ್ ನಮ್ ಮಕ್ಕಳಿಗಿ ಅಂತ ಅದ, ಅದು ಎರಡೂ ಜಿಲ್ಲೆಗಿ ಸರಿಸಮ, ಊರ್ ಆರಿಸೋಕ ಅದನ್ನ ಕಾರಣ ಮಾಡ್ಕೋಬ್ಯಾಡ್ರಿ. ಮತ್ತ ಇನ್ನೊಂದು, ನೌಕರಿ ಕೈಯಾಗ ಇಲ್ದ "ಅಲ್ಲೇ ಹೋಗಿ ಹುಡಕ್ಕೋತೀವಿ" ಅನ್ನವ್ರು ಇದ್ರ, ಎರಡೂ ಬ್ಯಾಡ. ನಂದು ಬೆಂಗಳೂರ್ ಪಗಾರ, ಇಲ್ಲಿ ಖರ್ಚು, ಅದಕ್ಕ ಈ ಆಟ ನಡದದ.

ನೀರು ಎರಡೂ ಕಡಿ ತಲಿನೋವು. ಕಲಬುರಗಿಗಿ ಭೀಮಾ ನೀರು, ನಮ್ ಓಣ್ಯಾಗ ನಾಕ್ ದಿನಕ್ಕೊಮ್ಮೆ, ಬ್ಯಾಸಗ್ಯಾಗ ಟ್ಯಾಂಕರ್. ಬೀದರ್‌ದಾಗ ಬೋರ್ ನೀರು ಛಲೋ ಇತ್ತು. ರಸ್ತಾ ಅಗಿಯೋದು, ಧೂಳು, ಅದು ಕಲಬುರಗಿದೇ ಜಾಸ್ತಿ, ಸೂಪರ್ ಮಾರ್ಕೆಟ್ ಕಡಿ ಹೋಗಿ ಬಂದ್ರ ಬಿಳಿ ದುಪಟ್ಟಾ ಬೂದಿ ಬಣ್ಣ ಆಗ್ತದ.

ಬೀದರ್‌ದು ಒಂದ್ ಕಾಟ ಯಾರೂ ಮೊದ್ಲ ಹೇಳಿರಲಿಲ್ಲ. ಅಲ್ಲಿ ಏರ್ ಫೋರ್ಸ್ ಟ್ರೇನಿಂಗ್ ಸ್ಟೇಷನ್ ಅದ, ಆಕಾಶದಾಗ ಕಸರತ್ತು ತೋರ್ಸೋ ಸೂರ್ಯಕಿರಣ್ ವಿಮಾನ ತಂಡಾನೂ ಅಲ್ಲೇ. ಮುಂಜಾನಿ ಮೀಟಿಂಗ್ ನಡುವ ತಲಿ ಮ್ಯಾಲ ಜೆಟ್ ಹೋದ್ರ ನಾ ಮ್ಯೂಟ್ ಒತ್ತಬೇಕು, ಒಮ್ಮೆ ಮರ್ತೆ, ಬೆಂಗಳೂರಾಗ ಒಬ್ರು "ಮೇಡಂ, ನಿಮ್ ಮನೇಲಿ ಮಿಕ್ಸಿ ಆಫ್ ಮಾಡಿ" ಅಂದ್ರು. ಆದ್ರ ಮಗಳು ಇವತ್ತಿಗೂ ಆ ಜೆಟ್ ನೆನಸ್ತಾಳ, ಗೇರ್ ಕೆಳಗ ಬಿಟ್ಟದ್ದು ನೋಡಿ ಯಾವ ವಿಮಾನ ಇಳೀತದ ಅಂತ ಹೇಳ್ತಿದ್ಳು.

ಸಂಜಿ ಹೊತ್ತು ಹೋಗೋದ್ರಾಗ ಬೀದರಿಗಿ ಜೋಡಿ ಇಲ್ಲ ಬಿಡ್ರಿ. ಕೋಟೆಯೊಳಗ ನಡ್ಕೋತ ಹೋಗೋದು, ಬಹಮನಿ ಕಾಲದ ಗವಾನ್ ಮದರಸಾದ ಮುಂದ ಮಕ್ಕಳು ಕ್ರಿಕೆಟ್ ಆಡೋದು, ಆಯಿತ್ವಾರ ಗುರುನಾನಕ್ ಝೀರಾ ಗುರುದ್ವಾರದಾಗ ಲಂಗರ್ ಊಟ. ಕನ್ನಡ, ಮರಾಠಿ, ಉರ್ದು, ತೆಲುಗು ಒಂದ ಅಂಗಡ್ಯಾಗ ಕೇಳ್ತದ. ಕಲಬುರಗಿಯಾಗ ಅಪ್ಪನ ಕೆರಿ ಸುತ್ತ ಒಂದ್ ರೌಂಡ್ ಹಾಕಿ, ಬರೋವಾಗ ತಹರಿ ಅಂದ್ರ ಮಸಾಲಿ ಅನ್ನ ಕಟ್ಟಿಸ್ಕೊಂಡ್ ಬಂದ್ರ ಮುಗೀತು. ತಹರಿ ಮಾತ್ರ ಇಲ್ಲಿದೇ ರುಚಿ, ಅದರಾಗ ನಾನ್ ಬೀದರಿಗಿ ಒಂದ್ ಮಾರ್ಕೂ ಕೊಡಂಗಿಲ್ಲ.

ಬೆಂಗಳೂರು ನೆನಪಾಗ್ತದೇನು ಅಂತ ಮೈದುನ ಕೇಳ್ದ. ಆಗ್ತದ. ರಾತ್ರಿ ಒಂಬತ್ತಕ್ಕ ಸ್ಕೂಟಿ ತಗೊಂಡ್ ಹೊರಗ ಹೋದ್ರ ಅಲ್ಲಿ ಯಾರೂ ಕೇಳ್ತಿರಲಿಲ್ಲ, ಇಲ್ಲಿ ಮರುದಿನ ಮುಂಜಾನಿ ಹಾಲಿನವ "ಅಕ್ಕೋರ, ನಿನ್ನಿ ರಾತ್ರಿ ಎಲ್ಲಿಗಿ ಹೋಗಿದ್ರಿ" ಅಂತ ಕೇಳ್ತಾನ, ಕೆಟ್ಟ ಮನಸಿಂದಲ್ಲ, ಮನ್ಯಾಗ ಯಾರಿಗರೆ ಆರಾಮ ಇಲ್ಲೇನೋ ಅಂತ. ಎರಡೂ ಊರಾಗ ಹಿಂಗ. ಆದ್ರ ಎಳ್ಳ ಅಮಾಸಿಗಿ ಭಜ್ಜಿ, ಅಂಬಲಿ, ಸಜ್ಜಿ ರೊಟ್ಟಿ ಕಟ್ಕೊಂಡ್ ಹೊಲಕ್ಕ ಹೋಗಿ ಚರಗ ಚೆಲ್ಲಿ ರಾತ್ರಿ ಅಂದ್ರ ಮನ್ಯಾಗ ಇರ್ತೀವಿ, 13 ವರ್ಷ ಇದನ್ನ ವಿಡಿಯೋ ಕಾಲ್‌ನಾಗ ನೋಡಿದವ್ರು ನಾವು.

ಮೈದುನನ ಮನ್ಯಾಗ ಗಂಡ ಹೆಂಡ್ತಿ ಇಬ್ರ, ಮೂವತ್ತೈದರ ಒಳಗಿನವ್ರು, ಅವನಿಗಿ ಬೆಂಗಳೂರಿಗಿ ಬಾ ಅನ್ನೋ ಆಫೀಸಿಲ್ಲ. ಅವ್ರಿಗಿ ನಾ ಬೀದರ್ ಅಂತೀನಿ, ಕಣ್ಮುಚ್ಚಿ. ಅತ್ತಿ ಮಾತ್ರ "ಹತ್ತು ವರ್ಷಕ್ಕ ಅವ್ರಿಗೂ ಎದಿ ಇರ್ತದಲ್ಲ" ಅಂದ್ರು. ಕಡೀಕ ಹೇಳಿದ್ದು ಇಷ್ಟ: ಮೇ ತಿಂಗಳು ಮೊದಲ್ನೇ ವಾರ ನಮ್ ಮನಿಗಿ ಬಾ, ಎಂಟ್ ದಿನ ಇರು, ಏಸಿ ಖೋಲ್ಯಾಗ ನನ್ ಮೀಟಿಂಗ್ ಇರ್ತಾವ, ನೀ ನಡುಮನ್ಯಾಗ ಮಲ್ಕೊ, ಒಂಬತ್ನೇ ದಿನ ಬೀದರ್ ಗಾಡಿ ಹತ್ತು. ಅವ ಬರ್ತೀನಿ ಅಂದಾನ. ಅತ್ತಿ ಆಗ್ಲೇ ಕೂಲರಿಗಿ ಹೊಸ ಹುಲ್ಲು ತರಸಾಕ ಹಚ್ಯಾರ.