ಕ್ರೌನ್‌ಗೆ ಲೂಸ್ ಆಯಿಲ್ ಹಾಕಿಸ್ಬೇಡಿ, ಲಾರಿ ಇರೋರು ದಯವಿಟ್ಟು ಓದಿ

ಕಾಫಿ ಕುಯ್ಲು ಶುರುವಾಗೋ ಮುಂಚೆ ಕೊಡಗಲ್ಲಿ ಎಲ್ರೂ ಲಾರಿ, ಪಿಕಪ್ ಸರ್ವೀಸಿಗೆ ಬಿಡ್ತೀರ, ಅದಕ್ಕೇ ಈಗ್ಲೇ ಬರೀತಿದೀನಿ. ಡಿಫರೆನ್ಷಿಯಲ್‌ಗೆ, ಅಂದ್ರೆ ಎಂಜಿನ್ ಎಳೆತಾನ ಹಿಂದಿನ ಚಕ್ರಕ್ಕೆ ಕೊಡೋ ಆಕ್ಸಲ್ ಮಧ್ಯದ ಗೇರುಗಳಿಗೆ, ನಾವೆಲ್ಲ ಕ್ರೌನ್ ಅಂತೀವಲ್ಲ ಅದಕ್ಕೆ, ಬ್ಯಾರಲ್‌ನಿಂದ ಜಗ್ಗಲ್ಲಿ ಹಿಡಿದು ಸುರಿಯೋ ಆಯಿಲ್ ಹಾಕಿಸ್ಬೇಡಿ. ಡಬ್ಬದ ಮೇಲೆ 90 ಅಂತ ಇದ್ದಷ್ಟಕ್ಕೇ ಒಪ್ಕೋಬೇಡಿ.

ನಮ್ಮದು ಆರು ಚಕ್ರದ ಲಾರಿ. ಗೋಣಿಕೊಪ್ಪ ಕಡೆಯಿಂದ ಕುಶಾಲನಗರದ ಕ್ಯೂರಿಂಗ್ ವರ್ಕ್ಸಿಗೆ ಕಾಫಿ ಹೊಡೀತೀವಿ, ಮಧ್ಯೆ ಮಂಗಳೂರಿಗೆ ಲೋಡ್ ಸಿಕ್ರೆ ವಾಪಸ್ ಬರ್ತಾ ಗೊಬ್ಬರ. ಸೀಸನ್‌ಗೆ ಮುಂಚೆ ಒಂದು ಗ್ಯಾರೇಜಲ್ಲಿ ಬಿಟ್ಟು ಕ್ರೌನ್‌ಗೆ ಜಿಎಲ್-5 (ಗೇರ್ ಹಲ್ಲನ್ನ ಎಷ್ಟು ಕಾಪಾಡುತ್ತೆ ಅನ್ನೋ ಆಯಿಲ್ ದರ್ಜೆ) ಸೀಲ್ ಡಬ್ಬವೇ ಹಾಕಿ ಅಂತ ಬಾಯಿಬಿಟ್ಟು ಹೇಳಿ ಬಂದಿದ್ದೆ. ಬಿಲ್ಲಲ್ಲಿ ನೋಡಿದ್ರೆ ಬರೀ ಗೇರ್ ಆಯಿಲ್ 90 ಅಂತ ಇದೆ. ಕೇಳಿದ್ದಕ್ಕೆ "ಜಿಎಲ್-5ಏ ಸಾರ್, ಬಿಲ್ಲಲ್ಲಿ ನಾವು ಹಂಗೇ ಬರೆಯೋದು" ಅಂದ್ರು.

ಆಮೇಲೆ ಸಂಪಾಜೆ ಘಾಟಿ ಹತ್ತುವಾಗೆಲ್ಲ ಹಿಂದಿನಿಂದ ಗುಂಯ್ ಅಂತ ಸೌಂಡ್, ಎಕ್ಸಿಲೇಟರ್ ಒತ್ತಿದ್ರೆ ಜಾಸ್ತಿ, ಬಿಟ್ರೆ ಸೌಂಡೇ ಬೇರೆ ತರ. ಅದೇ ಗ್ಯಾರೇಜಿಗೆ ತೋರಿಸಿದ್ರೆ ಹಬ್ ಬೇರಿಂಗ್ ಇರ್ಬೇಕು ಅಂತ ಗ್ರೀಸ್ ಮಾಡಿ ಕಳಿಸಿದ್ರು. ಕೊನೆಗೆ ಗೊಬ್ಬರದ ಲೋಡಲ್ಲಿ ಜೋಡುಪಾಲ ದಾಟಿದ ಮೇಲೆ ತಿರುವಲ್ಲೇ ಕಡಕ್ ಅಂತು, ಎಂಜಿನ್ ಓಡ್ತಿದೆ ಗೇರ್ ಬೀಳ್ತಿದೆ ಆದ್ರೆ ಚಕ್ರಕ್ಕೆ ಎಳೆತ ಇಲ್ಲ, ನಮ್ಮ ಡ್ರೈವರಣ್ಣ ಹ್ಯಾಂಡ್ ಬ್ರೇಕ್ ಎಳೆದು ಕ್ಲೀನರ್ ಹುಡುಗ ಓಡಿ ಚಕ್ರಕ್ಕೆ ಕಲ್ಲು ಕೊಟ್ಟಿದ್ದಕ್ಕೆ ಲಾರಿ ನಿಂತ್ಕೊಂಡ್ತು. ಹಿಂದೆ ಬಸ್ ಬರ್ತಾ ಇತ್ತು ಅಂತ ಆಮೇಲೆ ಗೊತ್ತಾಯ್ತು. ದುಡ್ಡಿಗಿಂತ ಅದು ನನ್ನ ನಿದ್ದೆ ಕೆಡಿಸಿದೆ.

ಬೇರೆ ಮೇಸ್ತ್ರಿ ಹತ್ರ ಹೌಸಿಂಗ್ ಬಿಚ್ಚಿಸಿದ್ವಿ. ಪಿನಿಯನ್, ಅಂದ್ರೆ ದೊಡ್ಡ ಕ್ರೌನ್ ಚಕ್ರಾನ ತಿರುಗಿಸೋ ಚಿಕ್ಕ ಗೇರು, ಅದರ ಹಲ್ಲೆಲ್ಲ ಉಜ್ಜಿ ಉಜ್ಜಿ ಗೀರು, ಬಿಸಿಗೆ ನೀಲಿ ಬಣ್ಣ ತಿರುಗಿದೆ, ಎರಡು ಹಲ್ಲು ಮುರಿದು ಒಳಗೇ ಬಿದ್ದಿವೆ, ಡ್ರೈನ್ ಪ್ಲಗ್ಗಿನ ಮ್ಯಾಗ್ನೆಟ್ ತುಂಬಾ ಕಬ್ಬಿಣದ ಪುಡಿ. ಪಿನಿಯನ್ ಒಂದನ್ನೇ ಬದಲಾಯಿಸಕ್ಕೆ ಬರಲ್ಲ, ಕ್ರೌನೂ ಪಿನಿಯನೂ ಜೊತೆಗೇ ಹೊಂದಿಸಿ ಮಾಡಿರೋ ಜೋಡಿ ಅದು, ಎರಡೂ ಹೊಸದು, ಬೇರಿಂಗೂ ಹೊಸದು. ಮೊದಲ ಗ್ಯಾರೇಜಿಗೆ ಹೋಗಿ ಬ್ಯಾರಲ್ ನೋಡಿದ್ರೆ ಅದರ ಮೇಲೆ ಜಿಎಲ್-4 ಅಂತ ಕಣ್ಣಿಗೆ ಕಾಣೋ ಹಾಗೆ ಬರೆದಿದೆ! ಗೇರ್‌ಬಾಕ್ಸಿಗೂ ಕ್ರೌನ್‌ಗೂ ಅದನ್ನೇ ಸುರಿದಿದ್ರು.

90 ಅನ್ನೋದು ಆಯಿಲ್ ಎಷ್ಟು ಮಂದ ಅನ್ನೋದಷ್ಟೇ ಹೇಳುತ್ತೆ. ಅದೂ ಗೇರ್ ಆಯಿಲ್ ಲೆಕ್ಕವೇ ಬೇರೆ, 90 ಗೇರ್ ಆಯಿಲ್ ಹೆಚ್ಚುಕಮ್ಮಿ 40 ಅಥವಾ 50 ಎಂಜಿನ್ ಆಯಿಲ್‌ನಷ್ಟೇ ಮಂದ ಇರೋದು, ನಂಬರ್ ದೊಡ್ಡದು ಅಂತ ಗಟ್ಟಿ ಅಂದ್ಕೋಬೇಡಿ. ಹಲ್ಲನ್ನ ಕಾಪಾಡೋದು ಅದರೊಳಗಿನ ಇಪಿ ಅಡಿಟಿವ್, ಅಂದ್ರೆ ಭಾರೀ ಒತ್ತಡ ತಡ್ಕೊಳ್ಳಕ್ಕೆ ಬೆರೆಸೋ ರಾಸಾಯನಿಕ. ಲಾರಿ ಕ್ರೌನ್ ಸಾಮಾನ್ಯವಾಗಿ ಹೈಪಾಯ್ಡ್ ಗೇರು, ಪಿನಿಯನ್ ಕ್ರೌನಿನ ನಡುವಿಗಲ್ಲ, ಸ್ವಲ್ಪ ಆಚೆ ಕೂತಿರುತ್ತೆ, ಹಾಗಾಗಿ ಹಲ್ಲು ಹಲ್ಲಿನ ಮೇಲೆ ಬರೀ ಉರುಳಲ್ಲ, ಜಾರ್ತಾ ಉಜ್ಜುತ್ತೆ. ಲೋಡ್ ಹಾಕಿ ಘಾಟಿ ಹತ್ತುವಾಗ ಆ ಒತ್ತಡಕ್ಕೆ ಆಯಿಲ್ ಪದರ ಹಿಂಡಿ ಹೋಗುತ್ತೆ, ಆಗ ಗಂಧಕ ರಂಜಕದ ಆ ಅಡಿಟಿವ್ ಲೋಹದ ಮೇಲೆ ಒಂದು ತೆಳು ಪದರ ಕಟ್ಟಿ ಉಳಿಸುತ್ತೆ. ಜಿಎಲ್-5ರಲ್ಲಿ ಅದು ಜಾಸ್ತಿ, ಜಿಎಲ್-4ರಲ್ಲಿ ಕಡಿಮೆ. ಬಯಲುಸೀಮೆಲಿ ಖಾಲಿ ಓಡೋ ಗಾಡಿ ಸ್ವಲ್ಪ ದಿನ ತಡ್ಕೊಂಡೀತು, ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರ, ಕರಾವಳಿಯಿಂದ ಲೋಡ್ ಎಳೆದು ಅಲ್ಲಿಗೆ ಹತ್ತೋ ಗಾಡಿಗೆ ಆಗಲ್ಲ.

ಹಾಗಂತ ಜಿಎಲ್-5 ಒಳ್ಳೇದು ಅಂತ ಗೇರ್‌ಬಾಕ್ಸಿಗೂ ತುಂಬಿಸ್ಬೇಡಿ. ಗೇರ್‌ಬಾಕ್ಸಲ್ಲಿ ಗೇರ್ ಸಲೀಸಾಗಿ ಬೀಳಕ್ಕೆ ಇರೋ ಹಿತ್ತಾಳೆ ಸಿಂಕ್ರೊ ರಿಂಗ್ ಇದ್ರೆ ಆ ಗಂಧಕ ಬಿಸಿಗೆ ಅದನ್ನ ತಿನ್ನಬಹುದು. ಗೇರ್‌ಬಾಕ್ಸಿಗೆ ಮ್ಯಾನುಯಲ್ ಏನು ಹೇಳಿದೆಯೋ ಅದು, ಕ್ರೌನ್‌ಗೆ ಏನು ಹೇಳಿದೆಯೋ ಅದು, ಎಷ್ಟು ಮಂದ ಬೇಕು, 80ಡಬ್ಲ್ಯೂ-90ಓ 85ಡಬ್ಲ್ಯೂ-140ಓ ಅನ್ನೋದೂ ಅದರಲ್ಲೇ ಇರುತ್ತೆ. ಲಿಮಿಟೆಡ್ ಸ್ಲಿಪ್ ಕ್ರೌನ್ (ಒಂದೇ ಚಕ್ರ ಸುಮ್ಮನೆ ತಿರುಗದ ಹಾಗೆ ತಡೆಯೋದು) ಇರೋ ಗಾಡಿಗೆ ಎಲ್‌ಎಸ್ ಅಂತ ಬರೆದಿರೋ ಆಯಿಲೇ ಬೇರೆ ಬರುತ್ತೆ.

ಡಬ್ಬ ನಿಮ್ಮೆದುರೇ ಓಪನ್ ಮಾಡಿಸಿ, ಜಿಎಲ್ ನಂಬರ್ ಬಿಲ್ಲಲ್ಲಿ ಬರೆಸಿ, ಬರೆಯಲ್ಲ ಅಂದ್ರೆ ಗಾಡಿ ತಗೊಂಡು ಬೇರೆ ಕಡೆ ಹೋಗಿ. ಸಮತಟ್ಟು ಜಾಗದಲ್ಲಿ ನಿಲ್ಸಿ ಫಿಲ್ಲರ್ ಪ್ಲಗ್ ತೂತಿನ ಮಟ್ಟಕ್ಕೆ ಹಾಕಿಸಿ. ಇನ್ನೂ ಸ್ವಲ್ಪ ಇರಲಿ ಅಂತ ತುಂಬಿಸಿದ್ರೆ ಆಕ್ಸಲ್ ಸೀಲ್ ದಾಟಿ ಬ್ರೇಕ್ ಲೈನರ್ ಮೇಲೆ ಇಳಿಯುತ್ತೆ, ಮಾಕುಟ್ಟ ಘಾಟಿ ಇಳಿಯುವಾಗ ಬ್ರೇಕ್ ಹಿಡೀದೇ ಇದ್ರೆ ಏನಾಗುತ್ತೆ ಅಂತ ಹೇಳ್ಬೇಕಿಲ್ಲ. ಹೌಸಿಂಗ್ ಮೇಲಿನ ಬ್ರೀದರ್ (ಗಾಳಿ ಆಡೋ ತೂತು) ಮಣ್ಣು ಕಟ್ಟಿ ಮುಚ್ಚಿ ಹೋಗಿದ್ರೂ ಇದೇ ಗತಿ, ಬಿಸಿ ಗಾಳಿಗೆ ದಾರಿ ಇಲ್ದೆ ಆಯಿಲನ್ನ ಸೀಲಿಂದ ನೂಕುತ್ತೆ.

ಮಳೆಗಾಲದಲ್ಲಿ ಭಾಗಮಂಡಲ, ಕರಡಿಗೋಡು ಕಡೆ ರೋಡ್ ಮೇಲೆ ಹೊಳೆ ಬಂದಾಗ ನೀರಲ್ಲಿ ಗಾಡಿ ಇಳಿಸಿದೋರು ಮಾತ್ರ ಆಯಿಲ್ ಬದಲಾಯಿಸಕ್ಕೆ ಕಿಲೋಮೀಟರ್ ಲೆಕ್ಕ ನೋಡ್ಬೇಡಿ. ಬಿಸಿ ಹೌಸಿಂಗ್ ತಣ್ಣೀರಿಗೆ ಇಳಿದ ತಕ್ಷಣ ಒಳಗಿನ ಗಾಳಿ ಕುಗ್ಗಿ ಬ್ರೀದರ್‌ನಿಂದ ನೀರು ಎಳ್ಕೊಳ್ಳುತ್ತೆ. ಫಿಲ್ಲರ್ ಪ್ಲಗ್ ಬಿಚ್ಚಿ ನೋಡಿ, ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ಬಂದಿದ್ರೆ ಅವತ್ತೇ ಪೂರ್ತಿ ಇಳಿಸಿ ಹೊಸದು ಹಾಕಿಸಿ, ಬ್ರೀದರೂ ಕ್ಲೀನ್ ಮಾಡಿಸಿ.